ಮಾಳಿಗೆಯ ಮೇಲಿನ ಸೌರಫಲಕ

ಅಂಗಳದಲ್ಲಿ ಹಪ್ಪಳ ಒಣಹಾಕುವ ಗೃಹಿಣಿಯು ಮೊದಲು ಎರಡು ಸಂಗತಿಗಳನ್ನು ಗಮನಿಸುತ್ತಾಳೆ. ಬಿಸಿಲು ಎಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಎಂಬುದು ಒಂದು. ಗಾಳಿ ಬೀಸಿದರೆ ಹಾಸಿದ ಬಟ್ಟೆಯು ಹಾರದಂತೆ ಕಲ್ಲುಗಳನ್ನು ಎಲ್ಲಿ ಇಡಬೇಕು ಎಂಬುದು ಇನ್ನೊಂದು. ಮನೆಯ ಮಾಳಿಗೆಯ ಮೇಲೆ ಸೌರಫಲಕವನ್ನು ನಿಲ್ಲಿಸುವವರೂ ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಮರೆಯುವವರು ಹಲವರು. ಆ ಮರೆವಿನ ಫಲವು ಮೊದಲ ಬಿರುಗಾಳಿ ಬೀಸುವವರೆಗೆ ಕಣ್ಣಿಗೆ ಬೀಳುವುದಿಲ್ಲ.

ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು 1839ರಲ್ಲಿ ಫ್ರಾನ್ಸಿನ ವಿಜ್ಞಾನಿ ಎಡ್ಮಂಡ್ ಬೆಕೆರೆಲ್ ಗುರುತಿಸಿದನು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಚೇಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಸಿಲಿಕಾನಿನ ಸೌರಕೋಶವನ್ನು ಸಿದ್ಧಪಡಿಸಿದರು. ಅದು ತನ್ನ ಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು 6 ಪಾಲನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದಿನ ಉತ್ತಮ ಫಲಕಗಳು 20 ಪಾಲಿಗೂ ಮಿಕ್ಕಿ ಮಾರ್ಪಡಿಸುತ್ತವೆ. ತುಮಕೂರು ಜಿಲ್ಲೆಯ ಪಾವಗಡದ ಬಯಲಿನಲ್ಲಿ ಸಾವಿರಾರು ಎಕರೆಗಳನ್ನು ಆವರಿಸಿರುವ ಫಲಕಗಳೂ, ಚಿಕ್ಕ ಮನೆಯೊಂದರ ಮಾಳಿಗೆಯ ಮೇಲಿನ ನಾಲ್ಕು ಫಲಕಗಳೂ ಈ ಒಂದೇ ತತ್ತ್ವದಿಂದ ಕೆಲಸ ಮಾಡುತ್ತವೆ.

ಫಲಕವು ಯಾವ ದಿಕ್ಕಿಗೆ ಮುಖಮಾಡಿರಬೇಕು? ನಮ್ಮ ನಾಡು ಭೂಮಧ್ಯರೇಖೆಯ ಉತ್ತರಕ್ಕಿದೆ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಕೊನೆಯಲ್ಲಿ ಒಮ್ಮೆ, ಆಗಸ್ಟ್ ತಿಂಗಳಲ್ಲಿ ಇನ್ನೊಮ್ಮೆ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ಇರುತ್ತಾನೆ. ಇವೆರಡರ ನಡುವಣ ಕಾಲದಲ್ಲಿ ಅವನು ತುಸು ಉತ್ತರಕ್ಕೆ ವಾಲಿದರೂ ವರ್ಷದ ಹೆಚ್ಚಿನ ದಿನಗಳಲ್ಲಿ ದಕ್ಷಿಣದ ಕಡೆಯೇ ಇರುವನು. ಆದುದರಿಂದ ಫಲಕವು ದಕ್ಷಿಣಾಭಿಮುಖವಾಗಿರುವುದು ಲೇಸು. ಅದರ ಓರೆಯು ಸ್ಥಳದ ಅಕ್ಷಾಂಶಕ್ಕೆ ಹತ್ತಿರವಿದ್ದರೆ ಸಾಕು: ಬೆಂಗಳೂರಿನಲ್ಲಿ ಸುಮಾರು 13 ಡಿಗ್ರಿ, ಬೀದರಿನಲ್ಲಿ ಸುಮಾರು 18 ಡಿಗ್ರಿ. ಒಂದೆರಡು ಡಿಗ್ರಿಗಳ ವ್ಯತ್ಯಾಸದಿಂದ ಹೆಚ್ಚಿನ ನಷ್ಟವಿಲ್ಲ. ಆದರೆ ಪೂರ್ಣವಾಗಿ ಮಟ್ಟಸವಾಗಿ ಮಲಗಿಸಿದ ಫಲಕದ ಮೇಲೆ ನೀರು ನಿಂತು ಧೂಳು ಕಟ್ಟುತ್ತದೆ. ಓರೆಯಾಗಿದ್ದರೆ ಮಳೆಯೇ ಅದನ್ನು ತೊಳೆಯುತ್ತದೆ.

ನೆರಳು ಫಲಕದ ಶತ್ರು. ಫಲಕದೊಳಗಿನ ಕೋಶಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಜೋಡಿಸಲ್ಪಟ್ಟಿವೆ. ನೀರಿನ ತೊಟ್ಟಿಯ ನೆರಳೋ ತೆಂಗಿನ ಗರಿಯ ನೆರಳೋ ಕೆಲವೇ ಕೋಶಗಳ ಮೇಲೆ ಬಿದ್ದರೂ ಆ ಸಾಲಿನ ಉತ್ಪಾದನೆಯು ಕುಗ್ಗುತ್ತದೆ. ನೆರಳಿನ ಕೋಶವು ಕಾದು ಕೆಡಲೂಬಹುದು. ನೆರಳುಗಳು ಉದ್ದವಾಗುವ ಡಿಸೆಂಬರ್ ತಿಂಗಳಲ್ಲಿ, ಬೆಳಗಿನ 9 ಗಂಟೆಯಿಂದ ಮಧ್ಯಾಹ್ನ 3 ಗಂಟೆಯವರೆಗೆ ನೆರಳು ಬೀಳದ ಸ್ಥಳವೇ ಯೋಗ್ಯವಾದ ಸ್ಥಳ. ಫಲಕಕ್ಕೆ ಬೆಳಕು ಬೇಕು, ಬಿಸಿ ಬೇಡ. ಅದು ಕಾದಷ್ಟೂ ಉತ್ಪಾದನೆಯು ತಗ್ಗುವುದರಿಂದ ಫಲಕದ ಕೆಳಗೆ ಗಾಳಿಯಾಡಲು ತೆರಪಿರಬೇಕು.

ಆದರೆ ಬಿರುಗಾಳಿಯು ನುಗ್ಗುವುದೂ ಅದೇ ತೆರಪಿನಿಂದ. ಕಟ್ಟಡಗಳನ್ನು ರೂಪಿಸುವಾಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ವೇಗದ ಗಾಳಿಯನ್ನು ಮೂಲವಾಗಿ ಎಣಿಸಬೇಕೆಂದು ಭಾರತೀಯ ಮಾನಕವು ಹೇಳುತ್ತದೆ. 33 ಮೀಟರ್ ವೇಗದ ಗಾಳಿಯು ತನಗೆ ಎದುರಾದ ಒಂದು ಚದರ ಮೀಟರಿನ ಮೇಲೆ ಸುಮಾರು 65 ಕಿಲೋಗ್ರಾಂ ತೂಕದಷ್ಟು ಒತ್ತಡವನ್ನು ಹೇರಬಲ್ಲದು. ಎರಡು ಚದರ ಮೀಟರಿನ ಫಲಕದ ತೂಕವಾದರೋ 20 ಕಿಲೋಗ್ರಾಮಿಗೆ ತುಸು ಹೆಚ್ಚು. ಗಾಳಿಯ ವೇಗವು ಇಮ್ಮಡಿಯಾದರೆ ಅದರ ಬಲವು ನಾಲ್ಮಡಿಯಾಗುತ್ತದೆ. ಹೀಗಿರುವಾಗ, ತನ್ನ ತೂಕದಿಂದಲೇ ಫಲಕವು ನಿಲ್ಲುವುದೆಂದು ನಂಬುವುದು ಮೊರದಲ್ಲಿನ ಹೊಟ್ಟು ಹಾರದೆಂದು ನಂಬಿದಂತೆ. ಸತು ಲೇಪಿಸಿದ ಉಕ್ಕಿನ ಅಥವಾ ಅಲ್ಯೂಮಿನಿಯಂ ಚೌಕಟ್ಟನ್ನು ತುಕ್ಕು ಹಿಡಿಯದ ಬೋಲ್ಟುಗಳಿಂದ ಬಿಗಿಯಬೇಕು. ಕಾಂಕ್ರೀಟಿನ ತಾರಸಿಯಾದರೆ ನೀರು ಸೋರದಂತೆ ಎಚ್ಚರವಹಿಸಬೇಕು. ಮಂಗಳೂರು ಹೆಂಚಿನ ಮಾಡಾದರೆ ಆಧಾರವನ್ನು ಹೆಂಚಿಗಲ್ಲ, ಕೆಳಗಿನ ಮರಕ್ಕೆ ಕೊಡಬೇಕು. ಹಳೆಯ ಮಾಳಿಗೆಯು ಈ ಭಾರವನ್ನು ತಾಳುವುದೇ ಎಂಬುದನ್ನು ಬಲ್ಲವರಿಂದ ಮೊದಲೇ ಪರೀಕ್ಷಿಸುವುದು ಅಗತ್ಯ. ಮಾಳಿಗೆಯ ಅಂಚಿನಲ್ಲಿ ಗಾಳಿಯ ಸೆಳೆತವು ಅಧಿಕವಾದ್ದರಿಂದ ಅಲ್ಲಿ ಫಲಕವನ್ನಿಡದೆ ನಡೆದಾಡಲು ದಾರಿ ಬಿಡಬೇಕು.

ಇನ್ನು ವಿದ್ಯುತ್ತಿನ ಅಪಾಯ. ಹಗಲಿನಲ್ಲಿ ಫಲಕವನ್ನು ಆರಿಸುವ ಗುಂಡಿಯಿಲ್ಲ. ಬೆಳಕಿರುವವರೆಗೆ ಅದು ವಿದ್ಯುತ್ತನ್ನು ಹುಟ್ಟಿಸುತ್ತಲೇ ಇರುವುದು. ಸುಮಾರು 40 ವೋಲ್ಟಿನ ಹತ್ತು ಫಲಕಗಳನ್ನು ಸಾಲಾಗಿ ಜೋಡಿಸಿದರೆ 400 ವೋಲ್ಟ್ ಆಗುತ್ತದೆ. ಅದು ಏಕಮುಖ ವಿದ್ಯುತ್ತಾದುದರಿಂದ ಸಡಿಲವಾದ ಜೋಡಣೆಯಲ್ಲಿ ಹೊತ್ತಿದ ಕಿಡಿಯು ಸುಲಭವಾಗಿ ನಂದದೆ ಬೆಂಕಿಗೆ ಕಾರಣವಾಗಬಹುದು. ಲೋಹದ ಭಾಗಗಳೆಲ್ಲವನ್ನೂ ಭೂಮಿಗೆ ಸಂಪರ್ಕಿಸಬೇಕು. ಊರಿನ ವಿದ್ಯುತ್ ಜಾಲಕ್ಕೆ ಸೇರಿದ ಇನ್ವರ್ಟರು, ಜಾಲದಲ್ಲಿ ವಿದ್ಯುತ್ತು ನಿಂತೊಡನೆ ಮನೆಯಿಂದ ತಂತಿಗೆ ಹರಿಯುವ ಪ್ರವಾಹವನ್ನು ತಾನಾಗಿಯೇ ತಡೆಯುವಂತಿರಬೇಕು. ಇಲ್ಲವಾದರೆ, ತಂತಿಯಲ್ಲಿ ಪ್ರವಾಹವಿಲ್ಲವೆಂದು ನಂಬಿ ಕಂಬವೇರಿದ ಕಾರ್ಮಿಕನ ಪ್ರಾಣಕ್ಕೆ ಯಾರದೋ ಮನೆಯ ಫಲಕವೇ ಮೃತ್ಯುವಾದೀತು.

ಫಲಕವನ್ನು ಏರಿಸುವವನೂ ಒಬ್ಬ ಮನುಷ್ಯನೇ. ಮಳೆಯಲ್ಲಿ, ಬಿರುಗಾಳಿಯಲ್ಲಿ ಅವನನ್ನು ಮಾಳಿಗೆಗೆ ಹತ್ತಿಸಬಾರದು. ಅಗಲವಾದ ಫಲಕವು ಗಾಳಿಗೆ ಸಿಕ್ಕಿದರೆ ಹಾಯಿಯಂತೆ ಎಳೆಯುವುದರಿಂದ ಇಬ್ಬರು ಸೇರಿ ಹೊರಬೇಕು. ಕೈಪಿಡಿಗೋಡೆಯಿಲ್ಲದ ಮಾಳಿಗೆಯಲ್ಲಿ ಸುರಕ್ಷಾ ಪಟ್ಟಿಯನ್ನು ಭದ್ರವಾದ ಆಧಾರಕ್ಕೆ ಬಿಗಿಯದೆ ಕೆಲಸ ಮಾಡಬಾರದು. ಒಂದು ದಿನ ತಡವಾದರೆ ಕೆಲವು ಯೂನಿಟ್ಟುಗಳಷ್ಟೇ ನಷ್ಟ. ಬಿಸಿಲು ನಾಳೆಯೂ ಬರುವುದು. ಜಾರಿ ಬಿದ್ದವನ ಜೀವವು ಮರಳಿ ಬಾರದು.