ದೋಣಿ ಇದ್ದವರು ದೋಣಿ ಒಯ್ದರು

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂತು. ಸಭೆಯ ಹಿಂದಿನ ಕೇರಿಗೆ ಹೊಳೆ ನುಗ್ಗಿ ಇಳಿದಿದೆ, ನಿಮ್ಮ ಯೂತ್ ಫೆಲೋಶಿಪ್ಪಿನವರು ಭಾನುವಾರ ಹಳೇ ಬಟ್ಟೆ ಸಂಗ್ರಹಿಸಬೇಕೆಂದಿದ್ದೀರಿ, ಪ್ರಕಟಣೆಯಲ್ಲಿ ಏನು ಬರೆಯಲಿ ಎಂದು ಕೇಳಿದ್ದೀ. ಅದಕ್ಕೆ ಮೊದಲು ಇದನ್ನು ಓದು. ಕೊಂಚ ಉದ್ದವಾದೀತು. ನಿನ್ನ ದೊಡ್ಡಪ್ಪನ ಚಾಳಿ ನಿನಗೆ ಗೊತ್ತೇ ಇದೆ.

2018ರ ಆಗಸ್ಟಿನಲ್ಲಿ ನಮ್ಮೆಲ್ಲರ ಗಮನ ಕೊಡಗಿನ ಮೇಲಿತ್ತು. ಜೋಡುಪಾಲ, ಮಕ್ಕಂದೂರಿನ ಕಡೆ ಗುಡ್ಡಗಳು ಜರಿದ ವಾರ ಅದು. ಅದೇ ವಾರ ಕೇರಳದಲ್ಲಿ 1924ರ ನಂತರ ಕಂಡಿರದಂಥ ನೆರೆ. ಇಡುಕ್ಕಿಯ ಚೆರುತೋಣಿ ಅಣೆಕಟ್ಟಿನ ಬಾಗಿಲುಗಳನ್ನು 26 ವರ್ಷಗಳ ಬಳಿಕ ತೆರೆದಿದ್ದರು. ಆಲುವಾ, ಚಾಲಕುಡಿ, ಚೆಂಗನ್ನೂರು, ಆರನ್ಮುಳದಲ್ಲಿ ಜನ ಮಹಡಿ ಹತ್ತಿದರು, ಅಲ್ಲಿಗೂ ನೀರು ಬಂದಾಗ ಮಾಡಿಗೆ ಏರಿದರು. ಚೆಂಗನ್ನೂರಿನ ಶಾಸಕರು ಟಿವಿಯಲ್ಲಿ ಅತ್ತುಕೊಂಡು ಹೆಲಿಕಾಪ್ಟರ್ ಕೊಡಿ ಎಂದು ಬೇಡಿದ್ದನ್ನು ಇಡೀ ದೇಶ ನೋಡಿತು.

ಹೆಲಿಕಾಪ್ಟರ್ ಬಂತು, ಸೈನ್ಯವೂ ಬಂತು. ಆದರೆ ಗಲ್ಲಿಗಲ್ಲಿಗೆ ನುಗ್ಗಿದವರು ಬೇರೆಯೇ ಜನ. ತಿರುವನಂತಪುರದ ವಿಳಿಂಜಮ್, ಪೂಂತುರ, ಕೊಲ್ಲಮ್ಮಿನ ನೀಂಡಕರ, ಇವೆಲ್ಲ ಕಡಲ ದಂಡೆಯ ಬೆಸ್ತರ ಊರುಗಳು. ಅಲ್ಲಿ ಹೆಚ್ಚಿನವರು ಲ್ಯಾಟಿನ್ ಕಥೋಲಿಕರು. ಇಗರ್ಜಿಯಲ್ಲಿ ಫಾದರ್ ಕರೆ ಕೊಟ್ಟರು, ಹುಡುಗರು ದೋಣಿಗಳನ್ನು ಲಾರಿಗೆ ಹೇರಿ ರಾತ್ರೋರಾತ್ರಿ ಹೊರಟರು. ಎಷ್ಟೋ ಮಂದಿ ಕರೆಗೂ ಕಾಯಲಿಲ್ಲ. ಒಟ್ಟು 669 ದೋಣಿ, 4,500ಕ್ಕೂ ಹೆಚ್ಚು ಮೀನುಗಾರರು, ಅವರು ಉಳಿಸಿದ ಜನ ಸುಮಾರು 65,000 ಎಂದು ಲೆಕ್ಕ ಹೇಳುತ್ತಾರೆ. ಎಲ್ಲರೂ ಕ್ರೈಸ್ತರೇ ಎಂದುಕೊಳ್ಳಬೇಡ. ಮಲಪ್ಪುರಂ ಕಡಲಿನ ಮುಸ್ಲಿಮರಿದ್ದರು, ಆಲಪ್ಪುಳದ ಹಿಂದೂ ಬೆಸ್ತರಿದ್ದರು. ಪುಣ್ಯವನ್ನೆಲ್ಲ ನಮ್ಮ ಖಾತೆಗೆ ಬರೆದುಕೊಳ್ಳುವ ದುರಭ್ಯಾಸ ಸಭೆಗಳಿಗೆ ಇದೆ, ಅದಕ್ಕೇ ಹೇಳಿದೆ.

ಕಡಲಲ್ಲಿ ದೋಣಿ ಬಿಡುವವನಿಗೆ ಹೊಳೆ ನೀರೇನು ಮಹಾ ಎಂದು ನಿನಗೆ ಅನಿಸಬಹುದು. ಹಾಗಲ್ಲ. ಅಲೆಯನ್ನು ಅವರು ಬಲ್ಲರು, ಬೀದಿಯನ್ನು ಬಲ್ಲವರಲ್ಲ. ಕಲಕಿದ ನೀರಿನಡಿ ಎಲ್ಲಿ ಕಾಂಪೌಂಡ್ ಗೋಡೆ, ಎಲ್ಲಿ ಗೇಟು, ಎಲ್ಲಿ ಬಾವಿಕಟ್ಟೆ? ಗೋಡೆಗೆ ತಾಗಿ ದೋಣಿಯ ತಳ ಒಡೆಯಿತು, ಎಂಜಿನ್ನಿನ ಫ್ಯಾನು ಮುರಿಯಿತು. ತಲೆಯ ಮೇಲೆ ಕರೆಂಟಿನ ತಂತಿ. ತಿರುವಿನಲ್ಲಿ ಸೆಳೆತ ದೋಣಿಯನ್ನು ಮನೆಯ ಗೋಡೆಗೇ ಬಡಿಯುತ್ತಿತ್ತು. ಹಾಗಾಗಿ ಆಯಾ ಊರಿನ ಹುಡುಗರು ದೋಣಿಯ ಮುಂದೆ ಕುಳಿತು, ಇಲ್ಲಿ ಬಲಕ್ಕೆ, ಅಲ್ಲೊಬ್ಬ ಅಜ್ಜಿ ಇದ್ದಾಳೆ ಎಂದು ದಾರಿ ತೋರಿಸಿದರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಮುಖ್ಯವಾದ ಸಂಗತಿ ಇದೇ. ಒಬ್ಬನಿಗೆ ದೋಣಿ ಗೊತ್ತು, ಇನ್ನೊಬ್ಬನಿಗೆ ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂದು ಗೊತ್ತು. ಒಬ್ಬನೇ ಹೋಗಿದ್ದರೆ ಇಬ್ಬರಿಂದಲೂ ಆಗುತ್ತಿರಲಿಲ್ಲ.

ಈ ಮೀನುಗಾರರು ಉಳ್ಳವರೂ ಅಲ್ಲ. ಆ ನೆರೆಗೆ ಎಂಟೂವರೆ ತಿಂಗಳ ಮೊದಲು, 2017ರ ನವೆಂಬರ್ ಕೊನೆಯಲ್ಲಿ, ಓಖಿ ಚಂಡಮಾರುತ ಇದೇ ದಂಡೆಯ ಗಂಡಸರನ್ನು ಕಡಲಲ್ಲೇ ಕೊಂದಿತ್ತು. ಎಚ್ಚರಿಕೆ ಹೊತ್ತಿಗೆ ಸರಿಯಾಗಿ ಸಿಗಲಿಲ್ಲವೆಂಬ ಸಿಟ್ಟು ಅವರಿಗಿತ್ತು. ಮರಳಿ ಬಾರದವರ ಪಟ್ಟಿಯನ್ನು ಇಗರ್ಜಿಗಳೇ ಮನೆಮನೆ ಕೇಳಿ ಬರೆದಿಟ್ಟವು. ಅಂಥವರು, ಇರುವ ಒಂದೇ ಜೀವನೋಪಾಯವಾದ ದೋಣಿಯನ್ನು ಕಾಣದ ಊರಿನ ಗೋಡೆಗಳ ನಡುವೆ ತೂರಿಸಿದರು. ಸರ್ಕಾರ ದಿನಕ್ಕೆ 3,000 ರೂಪಾಯಿ ಘೋಷಿಸಿದಾಗ, ಜೀವ ಉಳಿಸಿದ್ದಕ್ಕೆ ಕೂಲಿ ಬೇಡವೆಂದವರು ಅವರಲ್ಲೇ ಇದ್ದರು. ಒಡೆದ ದೋಣಿಯನ್ನು ರಿಪೇರಿ ಮಾಡಿಸಿಕೊಡುವುದು ಮಾತ್ರ ಸರ್ಕಾರದ ಕರ್ತವ್ಯವಾಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆಗಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಈ ಮೀನುಗಾರರನ್ನು ಕೇರಳದ ಸೈನ್ಯ ಎಂದು ಕರೆದರು. ಸಂಸದ ಶಶಿ ತರೂರ್ ನೊಬೆಲ್ ಶಾಂತಿ ಪ್ರಶಸ್ತಿಗೆ ಇವರ ಹೆಸರು ಸೂಚಿಸಿದರು. ಅದು ಬರಲಿಲ್ಲ, ಬಿಡು.

ನೀರು ಇಳಿದ ಮೇಲೆ ಟಿವಿಯವರು ಹೋದರು, ಕೆಸರು ಉಳಿಯಿತು. ಕ್ಯಾಂಪುಗಳಲ್ಲಿ ಒಂದು ಹಂತದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಮನೆಗೆ ಮರಳಿದವರಿಗೆ ಮೊಣಕಾಲುದ್ದದ ಕೆಸರು, ಬಾವಿಯಲ್ಲಿ ಕೊಳೆ, ಕೆಲವೆಡೆ ಕೋಣೆಯಲ್ಲೇ ಹಾವು. ಹಿಂದೆಯೇ ಇಲಿಜ್ವರ ಬಂತು, ಕೆಸರಿಗೆ ಇಳಿಯುವವರಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಬೇಕಾಯಿತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ನಿಮ್ಮ ಕೇರಿ ಈಗ ಇರುವುದು ಈ ಹಂತದಲ್ಲೇ. ಬರಿಗಾಲಲ್ಲಿ ಯಾರೂ ಇಳಿಯಕೂಡದು. ಗಾಯ ಇದ್ದವರಂತೂ ಇಳಿಯಲೇಬಾರದು. ಆರೋಗ್ಯ ಕೇಂದ್ರದವರನ್ನು ಮೊದಲು ಕೇಳಿ.

ಈಗ ನಿನ್ನ ಹಳೇ ಬಟ್ಟೆ. ಪ್ರತಿ ನೆರೆಯಲ್ಲೂ ಹರಕು ಸೀರೆ, ಗುಂಡಿಯಿಲ್ಲದ ಅಂಗಿಗಳ ರಾಶಿ ಬಿದ್ದು, ಅದನ್ನು ವಿಲೇವಾರಿ ಮಾಡುವುದೇ ಕ್ಯಾಂಪಿನವರಿಗೆ ಇನ್ನೊಂದು ಕೆಲಸವಾಗುತ್ತದೆ. ಕೊಡುವವರ ಕಪಾಟು ಖಾಲಿಯಾಗುತ್ತದೆ, ಅಷ್ಟೇ. ನಾವು ತೊಡಲಾರದ್ದನ್ನು ನೆರೆಯವನು ಏಕೆ ತೊಡಬೇಕು?

ನಿಮ್ಮ ಸಭೆಯಲ್ಲಿ ದೋಣಿ ಇಲ್ಲ. ವೈರಿಂಗ್ ಮಾಡುವ ಹುಡುಗರಿದ್ದಾರೆ, ನೆನೆದ ಮನೆಯಲ್ಲಿ ಸ್ವಿಚ್ ಒತ್ತುವ ಮೊದಲು ಅವರು ಹೋಗಲಿ. ನಿವೃತ್ತ ನರ್ಸ್ ಒಬ್ಬರಿದ್ದಾರೆ ಎಂದು ನೀನೇ ಬರೆದಿದ್ದೆ. ತಾಲೂಕು ಕಚೇರಿಯಲ್ಲಿ ದುಡಿದವರು ಪರಿಹಾರದ ಅರ್ಜಿ, ನೆನೆದುಹೋದ ರೇಷನ್ ಕಾರ್ಡಿನ ಕಾಗದಪತ್ರ ಬರೆದುಕೊಡಬಹುದು. ಉಳಿದವರಿಗೆ ಹಿಡಿಸೂಡಿ ಸಾಕು. ಕೇರಿಯವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಯಾವ ಮನೆಗೆ ಮೊದಲು ಎಂದು ಅವರೇ ಹೇಳಲಿ. ಹೋದ ಮನೆಯಲ್ಲಿ ಪ್ರಾರ್ಥನೆ ಮಾಡೋಣವೇ ಎಂದು ನೀವಾಗಿ ಕೇಳಬೇಡಿ. ಅವರು ಕೇಳಿದರೆ ಮಾಡಿ. ಸಭಾಪಾಲಕರಿಗೆ ಇದು ಹಿಡಿಸದಿದ್ದರೆ ದೊಡ್ಡಪ್ಪ ಹೇಳಿದರು ಅನ್ನು.

ಬಟ್ಟೆಯ ಪ್ರಕಟಣೆ ಬಿಟ್ಟುಬಿಡು. ಭಾನುವಾರ ಆರಾಧನೆ ಮುಗಿದ ಮೇಲೆ ಹಾರೆ, ಬುಟ್ಟಿ, ಗಂಬೂಟು, ಬ್ಲೀಚಿಂಗ್ ಪೌಡರ್ ತನ್ನಿ ಎಂದು ಬರೆ. ಯಾರಿಗೆ ಯಾವ ಕೆಲಸ ಬರುತ್ತದೆಂದು ಬಾಗಿಲಲ್ಲೇ ಒಂದು ಪುಸ್ತಕದಲ್ಲಿ ಬರೆಸಿಕೋ. ಗಂಬೂಟಿನ ಖರ್ಚಿಗೆ ನನ್ನ ಪಾಲು ಕಳಿಸುತ್ತಿದ್ದೇನೆ.

ನಿನ್ನ
ದೊಡ್ಡಪ್ಪ