ಬೆಳಿಗ್ಗೆ ನೋಡಿದ ಮೆಷಿನ್ ಮಧ್ಯಾಹ್ನಕ್ಕೂ ಸಾಕೇ?

ಬಣಕಲ್‌ನಿಂದ ಬರೆದಿರುವ ಓ.ಟಿ. ಟೆಕ್ನಿಷಿಯನ್‌ಗೆ: ಅನಸ್ತೇಸಿಯಾ ಮೆಷಿನ್ನನ್ನು ಬೆಳಿಗ್ಗೆ ಒಮ್ಮೆ ಪರೀಕ್ಷಿಸಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಪೂರ್ಣ ತಪಾಸಣೆ ದಿನದ ಆರಂಭದಲ್ಲಿ ಆಗಲಿ. ಉಸಿರಾಟದ ಸರ್ಕ್ಯೂಟನ್ನು ಮಾತ್ರ ಪ್ರತಿ ರೋಗಿಗೂ ಮುನ್ನ ನೋಡಲೇಬೇಕು. ಕೊಳವೆ, ಫಿಲ್ಟರ್ ಬದಲಿಸುವಾಗಲೇ ಜೋಡಣೆ ಸಡಿಲವಾಗುವುದು.

ಸೋರಿಕೆ ನೋಡಲು ಗ್ಯಾಸ್ ಹರಿವು ನಿಲ್ಲಿಸಿ, ಎಪಿಎಲ್ ವಾಲ್ವ್ ಪೂರ್ತಿ ಮುಚ್ಚಿ, ರೋಗಿಯ ಕಡೆಯ ವೈ-ತುದಿಯನ್ನು ಅಂಗೈಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಆಕ್ಸಿಜನ್ ಫ್ಲಶ್‌ನಿಂದ ಒತ್ತಡವನ್ನು 30 ಸೆಂ.ಮೀ. ನೀರಿನ ಮಟ್ಟಕ್ಕೆ ಏರಿಸಿ. ಮುಳ್ಳು ಕನಿಷ್ಠ 10 ಸೆಕೆಂಡ್ ಅಲ್ಲೇ ನಿಲ್ಲಬೇಕು. ಇಳಿದರೆ ಮೊದಲು ಸೋಡಾ ಲೈಮ್ ಡಬ್ಬಿಯ ಅಂಚನ್ನು ನೋಡಿ. ರಬ್ಬರಿನ ಮೇಲೆ ಒಂದು ಹರಳು ಕೂತರೂ ಗಾಳಿ ಸೋರುತ್ತದೆ. ಕೊನೆಗೆ ವಾಲ್ವ್ ತೆರೆದಾಗ ಒತ್ತಡ ಥಟ್ಟನೆ ಇಳಿಯಬೇಕು.

ಆದರೆ ಕಟ್ಟಿಕೊಂಡ ಕೊಳವೆಯೂ ಈ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು! 2001ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ 9 ವರ್ಷದ ಬಾಲಕನೊಬ್ಬ ಸತ್ತದ್ದು, ಡ್ರಿಪ್ ಸೆಟ್ಟಿನ ಪುಟ್ಟ ಮುಚ್ಚಳವೊಂದು ಸರ್ಕ್ಯೂಟಿನ ಬಾಗುತುಂಡಿನಲ್ಲಿ ಸಿಕ್ಕಿಕೊಂಡಿದ್ದರಿಂದ. ಹಾಗಾಗಿ ಫಿಲ್ಟರ್, ಬಾಗುತುಂಡು ಸಮೇತ ತುದಿಗೆ ಇನ್ನೊಂದು ಬ್ಯಾಗ್ ಸಿಕ್ಕಿಸಿ, ಹರಿವು ಕೊಟ್ಟು, ಎರಡೂ ಬ್ಯಾಗ್‌ಗಳನ್ನು ಸರದಿಯಂತೆ ಒತ್ತಿ. ಗಾಳಿ ಸಲೀಸಾಗಿ ಓಡಾಡಬೇಕು, ಉಸಿರು ಒಳಹೋಗುವ, ಹೊರಬರುವ ಎರಡೂ ವಾಲ್ವಿನ ಬಿಲ್ಲೆಗಳು ಕಣ್ಣೆದುರೇ ಏಳಬೇಕು. ಹೊಸ ಮೆಷಿನ್‌ನ ಸ್ವಯಂ-ಪರೀಕ್ಷೆಯನ್ನೇ ನಂಬಿ ಇದನ್ನು ಬಿಡಬೇಡಿ.

ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಹೋಗುವುದು ಮಾಮೂಲು. ಬ್ಯಾಟರಿ ಚಾರ್ಜ್ ಇರಲಿ. ಆಂಬು ಬ್ಯಾಗ್, ತುಂಬಿದ ಆಕ್ಸಿಜನ್ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಯಾರು ಅವಸರ ಮಾಡಿದರೂ, ಅನುಮಾನವಿದ್ದರೆ ಅರಿವಳಿಕೆ ತಜ್ಞರಿಗೆ ಹೇಳಿ, ರೋಗಿಯನ್ನು ಮಲಗಿಸುವ ಮೊದಲೇ.