ಸೇಬಿನ ವಿನೆಗರ್: ಗುಣವೆಷ್ಟು, ಎಚ್ಚರವೆಷ್ಟು?

ಸೇಬಿನ ರಸವನ್ನು ಹುಳಿ ಬರಿಸಿ ತಯಾರಿಸುವ ವಿನೆಗರ್ ಈಗ ಪೇಟೆಯ ಔಷಧಿ ಅಂಗಡಿ, ದಿನಸಿ ಅಂಗಡಿಗಳಲ್ಲಿ ದೊರೆಯುತ್ತಿದೆ. ಇದನ್ನು ಕುಡಿದರೆ ಬೊಜ್ಜು ಕರಗುತ್ತದೆ, ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಕೀಲುನೋವು ಹೋಗುತ್ತದೆ ಎಂಬ ಮಾತು ಹಳ್ಳಿಗಳಲ್ಲೂ ಹಬ್ಬಿದೆ. ವಿನೆಗರ್ ಒಳ್ಳೆಯ ಆಹಾರ ಪದಾರ್ಥ ಎಂಬುದು ನಿಜ. ಆದರೆ ಸಕ್ಕರೆ ಕಾಯಿಲೆಯವರು ಮಾತ್ರೆ ಬಿಟ್ಟು ಇದನ್ನೇ ನಂಬಿದರೆ ಅಪಾಯ ತಪ್ಪಿದ್ದಲ್ಲ. ಆದ್ದರಿಂದ ಇದರ ಗುಣವನ್ನೂ ಮಿತಿಯನ್ನೂ ರೈತ ಕುಟುಂಬದವರು ತಿಳಿದಿರುವುದು ಅವಶ್ಯ.

ವಿನೆಗರ್ ಆಗುವ ಬಗೆ

ಹಿಮಾಚಲ ಪ್ರದೇಶ, ಕಾಶ್ಮೀರಗಳಂತಹ ಸೇಬಿನ ಸೀಮೆಗಳಲ್ಲಿ ಉದುರಿದ, ಕಲೆಬಿದ್ದ ಹಣ್ಣಿಗೆ ಒಳ್ಳೆಯ ಬೆಲೆ ಸಿಗುವುದಿಲ್ಲ. ಕೊಳೆಯದ ಇಂತಹ ಹಣ್ಣು ರಸಕ್ಕೂ ವಿನೆಗರಿಗೂ ಒದಗುತ್ತದೆ. ತಯಾರಿಕೆಯಲ್ಲಿ ಎರಡು ಹಂತಗಳಿವೆ. ಮೊದಲು ಯೀಸ್ಟ್ ಎಂಬ ಸೂಕ್ಷ್ಮಜೀವಿ ರಸದಲ್ಲಿರುವ ಸಕ್ಕರೆಯನ್ನು ಮದ್ಯಸಾರವನ್ನಾಗಿ ಮಾಡುತ್ತದೆ. ಅನಂತರ ಗಾಳಿಯ ಸಂಪರ್ಕದಲ್ಲಿ ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳು ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ ಪರಿವರ್ತಿಸುತ್ತವೆ. ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ 1860ರ ದಶಕದಲ್ಲಿ ಈ ಕ್ರಿಯೆಯನ್ನು ವಿವರವಾಗಿ ಅಭ್ಯಸಿಸಿದನು.

ವಿನೆಗರಿನ ಹುಳಿಗೂ ಅದರ ಮುಖ್ಯ ಗುಣಕ್ಕೂ ಈ ಅಸಿಟಿಕ್ ಆಮ್ಲವೇ ಕಾರಣ. ಶೇಕಡಾ 5ರಷ್ಟು ಆಮ್ಲವಿರುವ ವಿನೆಗರನ್ನು ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್ ತೆಗೆದುಕೊಂಡರೆ ದೇಹಕ್ಕೆ ಸೇರುವ ಆಮ್ಲ ಮುಕ್ಕಾಲು ಗ್ರಾಂ ಮಾತ್ರ. ಹಣ್ಣಿನ ಸಕ್ಕರೆಯ ಬಹುಭಾಗ ಹುದುಗುವಾಗಲೇ ಕಳೆದುಹೋಗಿರುತ್ತದೆ. ಸೇಬನ್ನು ತಿಂದಾಗ ಸಿಗುವ ನಾರಿನ ಅಂಶವೂ ಇದರಲ್ಲಿರುವುದಿಲ್ಲ. ಆದ್ದರಿಂದ ವಿನೆಗರ್ ಹಣ್ಣಿಗೆ ಬದಲಿಯಲ್ಲ. ಶೀಸೆಯ ತಳದಲ್ಲಿ ಕಾಣುವ ಮೋಡದಂತಹ ಪೊರೆ ಬ್ಯಾಕ್ಟೀರಿಯಾಗಳೂ ಅವು ನೇಯ್ದ ನಾರೂ ಸೇರಿ ಆದದ್ದು. ಅದರಿಂದ ವಿಶೇಷ ಔಷಧಿ ಗುಣ ಬರುತ್ತದೆಂದು ಸಿದ್ಧವಾಗಿಲ್ಲ.

ಆರೋಗ್ಯಕ್ಕೆ ಆಗುವ ಉಪಯೋಗ

ಅಮೆರಿಕದ ವರ್ಮಾಂಟ್ ರಾಜ್ಯದ ವೈದ್ಯ ಡಿ. ಸಿ. ಜಾರ್ವಿಸ್ 1958ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಸೇಬಿನ ವಿನೆಗರ್ ಮತ್ತು ಜೇನಿನ ಮಿಶ್ರಣ ಬಹಳ ಪ್ರಚಾರ ಪಡೆಯಿತು. ಆದರೆ ಪ್ರಚಾರ ಬೇರೆ, ಪ್ರಯೋಗದಲ್ಲಿ ಕಂಡದ್ದು ಬೇರೆ.

ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯನ್ನು ವಿನೆಗರ್ ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ. ಅಮೆರಿಕದ ಅರಿಜೋನಾದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 29 ಜನರಿಗೆ ಪಿಷ್ಟ ಹೆಚ್ಚಿರುವ ಆಹಾರಕ್ಕೆ ಮುಂಚೆ 20 ಗ್ರಾಂ ಸೇಬಿನ ವಿನೆಗರನ್ನು ನೀರಿನೊಡನೆ ಕೊಡಲಾಯಿತು. ಇನ್ಸುಲಿನ್ ಸರಿಯಾಗಿ ನಾಟದವರಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ಕಂಡಿತು. ಆಹಾರವು ಹೊಟ್ಟೆಯಿಂದ ಕರುಳಿಗೆ ನಿಧಾನವಾಗಿ ಇಳಿಯುವುದು ಇದಕ್ಕೊಂದು ಕಾರಣ. ಆದರೆ ಈ ಪ್ರಯೋಜನ ಅಲ್ಪ. ಅನ್ನ, ಮುದ್ದೆಯ ಪ್ರಮಾಣವನ್ನು ಹಿಡಿತದಲ್ಲಿಡುವುದಕ್ಕಾಗಲಿ, ವೈದ್ಯರು ಕೊಟ್ಟ ಮಾತ್ರೆಗಾಗಲಿ ಇದು ಸಮವಲ್ಲ.

ಬೊಜ್ಜು ಕರಗಿಸುವ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಲೆಬನಾನಿನ ಯುವಜನರ ಮೇಲೆ ನಡೆಸಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರಿ ತೂಕ ಇಳಿಕೆಯನ್ನು ತೋರಿಸಿ ಲೋಕವಿಖ್ಯಾತವಾಯಿತು. ಅದರ ಅಂಕಿ ಅಂಶಗಳು ನಂಬಲರ್ಹವಲ್ಲವೆಂದು ಕಂಡುಬಂದು, ಪ್ರಕಟಿಸಿದ ಪತ್ರಿಕೆಯೇ 2025ರಲ್ಲಿ ಅದನ್ನು ಹಿಂತೆಗೆದುಕೊಂಡಿತು.

ವಿನೆಗರಿನ ನಿಶ್ಚಿತ ಉಪಯೋಗ ಆಹಾರ ಸಂರಕ್ಷಣೆಯಲ್ಲಿದೆ. ಹುಳಿ ಸಾಕಷ್ಟಿದ್ದಲ್ಲಿ ಆಹಾರ ಕೆಡಿಸುವ ಅನೇಕ ಸೂಕ್ಷ್ಮಾಣುಗಳು ಬೆಳೆಯಲಾರವು. ತರಕಾರಿ ಉಪ್ಪಿನಕಾಯಿಗೆ ಇದು ನೆರವಾಗುವುದು ಹೀಗೆ. ಕರಾವಳಿಯ ಕೆಲವು ಅಡಿಗೆಗಳಲ್ಲಿ ಕಳ್ಳಿನಿಂದಾದ ವಿನೆಗರ್ ಹಿಂದಿನಿಂದಲೂ ಬಳಕೆಯಲ್ಲಿದೆ. ಅದರಲ್ಲಿರುವುದೂ ಇದೇ ಅಸಿಟಿಕ್ ಆಮ್ಲ.

ಬಳಸುವ ಕ್ರಮ ಮತ್ತು ಎಚ್ಚರಿಕೆಗಳು

1. ವಿನೆಗರನ್ನು ಹಾಗೆಯೇ ಕುಡಿಯಬಾರದು. ಹಲ್ಲಿನ ಹೊರಪದರ ಸವೆಯುತ್ತದೆ, ಗಂಟಲು ಸುಡುತ್ತದೆ. ಒಂದು ದೊಡ್ಡ ಲೋಟ ನೀರಿಗೆ ಒಂದು ದೊಡ್ಡ ಚಮಚದಷ್ಟು ಬೆರೆಸಿ ಊಟದ ಜೊತೆಗೆ ತೆಗೆದುಕೊಳ್ಳಬಹುದು. ಕೋಸಂಬರಿ, ಹಸಿ ತರಕಾರಿಗಳಿಗೆ ಬೆರೆಸುವುದು ಇನ್ನೂ ಉತ್ತಮ.

2. ಕುಡಿದ ನಂತರ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಅರ್ಧ ಗಂಟೆಯವರೆಗೆ ಹಲ್ಲುಜ್ಜಬಾರದು.

3. ಅತಿಯಾಗಿ ಬಳಸಬಾರದು. ಆಸ್ಟ್ರಿಯಾದ 28 ವರ್ಷದ ಮಹಿಳೆಯೊಬ್ಬರು ದಿನಕ್ಕೆ ಸುಮಾರು 250 ಮಿಲಿಲೀಟರಿನಂತೆ ಆರು ವರ್ಷ ಕುಡಿದು, ರಕ್ತದ ಪೊಟ್ಯಾಸಿಯಂ ಕುಸಿದು ಮೂಳೆ ಸವೆದುದು 1998ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ.

4. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಹೃದ್ರೋಗದ ಡಿಗಾಕ್ಸಿನ್ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ರೂಢಿ ಮಾಡಿಕೊಳ್ಳಬಾರದು. ಹೊಟ್ಟೆಹುಣ್ಣು, ಎದೆಯುರಿ ಇರುವವರೂ ದೂರವಿರುವುದು ಲೇಸು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಜಠರದ ಚಲನೆ ಕುಂದಿದವರಲ್ಲಿ ವಿನೆಗರ್ ಅದನ್ನು ಇನ್ನಷ್ಟು ಕುಂದಿಸುತ್ತದೆ.

5. ಗಾಯ, ಸುಟ್ಟ ಜಾಗ, ನರೂಲಿಗಳಿಗೆ ವಿನೆಗರ್ ಹಚ್ಚಿ ಕಟ್ಟಬಾರದು. ಚರ್ಮ ಸುಟ್ಟು ಹುಣ್ಣಾಗುತ್ತದೆ.

ಕೊಳ್ಳುವಾಗ, ಮಾಡುವಾಗ

ನಮ್ಮ ದೇಶದ ಆಹಾರ ನಿಯಮದಂತೆ ಹುದುಗಿಸಿ ಮಾಡಿದ ವಿನೆಗರಿನಲ್ಲಿ ಕನಿಷ್ಠ ಶೇಕಡಾ 3.75 ಅಸಿಟಿಕ್ ಆಮ್ಲ ಇರಬೇಕು. ಆಮ್ಲಕ್ಕೆ ನೀರು ಬೆರೆಸಿ ಮಾಡಿದ್ದಾದರೆ ಚೀಟಿಯ ಮೇಲೆ ಕೃತಕವೆಂದು ಸೂಚಿಸಿರಬೇಕು. ಚೀಟಿಯನ್ನು ಓದಿಯೇ ಕೊಳ್ಳತಕ್ಕದ್ದು.

ಅನಾನಸ್, ಗೇರುಹಣ್ಣುಗಳಿಂದಲೂ ಇದೇ ಕ್ರಮದಲ್ಲಿ ವಿನೆಗರ್ ತಯಾರಿಸಬಹುದು. ಮೊದಲ ಹಂತದಲ್ಲಿ ಅನಿಲ ಹೊರಡುವುದರಿಂದ ಗಾಜಿನ ಶೀಸೆಯ ಬಾಯನ್ನು ಬಿಗಿಯಾಗಿ ಮುಚ್ಚಿದರೆ ಒಡೆಯುವ ಭಯವಿದೆ. ಎರಡನೆಯ ಹಂತದಲ್ಲಿ ಗಾಳಿಯಾಡುವಂತೆ ತೆಳುಬಟ್ಟೆ ಕಟ್ಟಬೇಕು. ಲೋಹದ ಪಾತ್ರೆ ಬೇಡ. ಮನೆಯಲ್ಲಿ ಮಾಡಿದ್ದರ ಆಮ್ಲದ ಪ್ರಮಾಣವನ್ನು ಪರೀಕ್ಷಿಸದೆ ಉಪ್ಪಿನಕಾಯಿ ಸಂರಕ್ಷಣೆಗೆ ಬಳಸಬಾರದು. ಹುಳಿ ಸಾಲದಿದ್ದರೆ ಆಹಾರ ವಿಷವಾಗಬಹುದು.

ಒಟ್ಟಿನಲ್ಲಿ ವಿನೆಗರ್ ಅಡಿಗೆಮನೆಯ ವಸ್ತು, ಆಸ್ಪತ್ರೆಯ ಔಷಧಿಯಲ್ಲ. ರುಚಿಗೂ ಸಂರಕ್ಷಣೆಗೂ ಮಿತವಾಗಿ ಬಳಸಿದರೆ ಲಾಭವುಂಟು. ಸಕ್ಕರೆ ಕಾಯಿಲೆಯವರಾದರೋ ರಕ್ತಪರೀಕ್ಷೆ, ಪಥ್ಯ, ಮಾತ್ರೆ ಈ ಮೂರನ್ನೂ ತಪ್ಪಿಸದೆ, ಬೇಕೆನಿಸಿದರೆ ಮಾತ್ರ ವೈದ್ಯರ ಸಲಹೆಯಂತೆ ಇದನ್ನು ಸೇರಿಸಿಕೊಳ್ಳುವುದು ಕ್ಷೇಮಕರ.